ಉಗುರಗಲದ ತೂತಿನ ಮೀಮಾಂಸೆ

ಫೈಬರ್‌ಗ್ಲಾಸ್ ಕ್ಯಾಂಪರಿನ ಹೊರಗೋಡೆಗೆ ಆಗುವ ಸಣ್ಣಪುಟ್ಟ ಗಾಯಗಳ ಬಗ್ಗೆ ನಮ್ಮ ಷಡ್ದರ್ಶನಗಳು ಚಕಾರ ಎತ್ತಿಲ್ಲ. ಕಣಾದರು ಪರಮಾಣುವಿನವರೆಗೆ ಇಳಿದರು, ಗೌತಮರು ಹದಿನಾರು ಪದಾರ್ಥಗಳನ್ನು ಎಣಿಸಿದರು. ಆದರೆ ರಿವರ್ಸ್ ಬರುತ್ತಿದ್ದ ಗಾಡಿ ಪಿಕ್‌ನಿಕ್ ಮೇಜಿನ ಮೂಲೆಗೆ ತಗಲಿದರೆ ಮುಂದೇನು ಎಂಬುದನ್ನು ಶಿಷ್ಯರ ಊಹೆಗೆ ಬಿಟ್ಟರು. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ.

ಅಧ್ಯಯನಕ್ಕೆ ಆರಿಸಿಕೊಂಡ ವಸ್ತು ಕೆನಡಾದ ಹಳೆಯ ಬೋಲರ್. 1968ರಲ್ಲಿ ವಿನಿಪೆಗ್‌ನಲ್ಲಿ ರೇ ಒಲೆಕೊ ಶುರುಮಾಡಿದ, ಕಾರಿನ ಹಿಂದೆ ಸಿಕ್ಕಿಸಿಕೊಂಡು ಹೋಗುವ, 13 ಅಡಿಯ ಗುಂಡನೆಯ ಮನೆ ಅದು. ಕೆಳಗಿನ ಅರ್ಧಕ್ಕೊಂದು ಅಚ್ಚು, ಮೇಲಿನ ಅರ್ಧಕ್ಕೊಂದು ಅಚ್ಚು. ಸೊಂಟದ ಹತ್ತಿರ ಎರಡನ್ನೂ ಕೂಡಿಸಿದರೆ ಗೃಹಪ್ರವೇಶ. 1988ರ ಹೊತ್ತಿಗೆ ತಯಾರಿಕೆ ನಿಂತುಹೋಯಿತು. ಆದ್ದರಿಂದ ಇವತ್ತು ರಸ್ತೆಯಲ್ಲಿ ಕಾಣುವ ಹಳೆಯ ಬೋಲರುಗಳೆಲ್ಲ ಮಧ್ಯವಯಸ್ಸು ಮುಟ್ಟಿದವು, ಮೈಮೇಲೆ ಒಂದಲ್ಲ ಒಂದು ದೂರು ಇಟ್ಟುಕೊಂಡವು.

ಮೊದಲು ಗೋಡೆಯ ಸ್ವರೂಪ. ಹೊರಗೆ ಕಾಣುವುದು ಜೆಲ್‌ಕೋಟ್, ಅರ್ಧ ಮಿಲಿಮೀಟರ್ ಆಸುಪಾಸಿನ ಬಣ್ಣದ ಪದರ. ಹಿಂದಿರುವುದು ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆದು ಗಟ್ಟಿಯಾದ ಗಾಜಿನ ನಾರು. ಮೊದಲಿನದು ಚೆಂದಕ್ಕೆ, ಎರಡನೆಯದು ಬಲಕ್ಕೆ. ಕಿಟಕಿಯ ಮೂಲೆಗಳಲ್ಲಿ, ಒಳಗಿನ ಕಪಾಟನ್ನು ಹಿಡಿದಿರುವ ರಿವೆಟ್ಟುಗಳ ಸುತ್ತ ಜೇಡರಬಲೆಯಂಥ ಕೂದಲೆಳೆ ಬಿರುಕುಗಳು ಹುಟ್ಟುತ್ತವೆ. ನಾರು ಬಾಗುತ್ತದೆ, ಮೇಲಿನ ಜೆಲ್‌ಕೋಟಿಗೆ ಬಾಗಲು ಬರುವುದಿಲ್ಲ. (ಇಂಥ ಸ್ವಭಾವದವರು ಪ್ರತಿ ಕಚೇರಿಯಲ್ಲೂ ಮೇಲಿನ ಪದರದಲ್ಲೇ ಇರುತ್ತಾರೆ, ವಿಷಯಾಂತರ ಬೇಡ.) ಈ ಬಿರುಕಿಗೆ ಬರೀ ಬಣ್ಣ ಸವರಿದವನಿಗೆ ಮುಂದಿನ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಅದೇ ಬಿರುಕಿನ ಪುನರ್ಜನ್ಮ ಕಾಣುತ್ತದೆ. ಒಳಗಡೆಯಿಂದ ನಾರು ಹಾಕಿ ಗೋಡೆಯನ್ನು ಬಿಗಿ ಮಾಡುವ ತನಕ ಮೋಕ್ಷವಿಲ್ಲ.

ಗಾಯವನ್ನು ಅರಿಯುವ ಪ್ರಮಾಣಗಳು ಮೂರು. ಕಣ್ಣಿಗೆ ಕಂಡು, ಉಗುರಿಗೆ ಸಿಕ್ಕಿದರೆ ಪ್ರತ್ಯಕ್ಷ. ನಾಣ್ಯದಿಂದ ಗೋಡೆ ತಟ್ಟುತ್ತ ಹೋದಾಗ ಗಟ್ಟಿ ಇರುವಲ್ಲಿ ‘ಟಣ್’ ಎಂದು, ಪದರ ಬಿಟ್ಟಿರುವಲ್ಲಿ ‘ಡಬ್’ ಎಂದು ಕೇಳಿದರೆ ಶಬ್ದ. ಒಳಗೆ ಹಾಸಿಗೆ ಒದ್ದೆಯಾಗಿದೆ, ಆದಕಾರಣ ಹೊರಗೋಡೆಯಲ್ಲಿ ತೂತಿದೆ ಎಂಬುದು ಅನುಮಾನ. ಜೊತೆಯಲ್ಲಿ ಎರಡು ವರ್ಷದ ಮಗು ಮಲಗಿದ್ದರೆ ಈ ಮೂರನೆಯ ಹೇತು ಅನೈಕಾಂತಿಕವಾಗುತ್ತದೆ.

ಈಗ ಪೂರ್ವಪಕ್ಷ. ಅದನ್ನು ಮಂಡಿಸಿದವರು ಪ್ರಬಂಧಕಾರನ ಧರ್ಮಪತ್ನಿ: “ಅಲ್ಲಾ ರೀ, ಇಷ್ಟು ತೂತಿಗೆ ಅಷ್ಟೊಂದು ಸಾಮಾನು ಯಾಕೆ? ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ, ಆಯ್ತು.”

ಇದು ಅಪ್ಪಟ ಚಾರ್ವಾಕ ಮತ. ಕಂಡದ್ದಷ್ಟೇ ಸತ್ಯ, ಸ್ಟಿಕ್ಕರಿನ ಅಡಿಯ ತೂತು ಕಾಣುವುದಿಲ್ಲ, ಆದ್ದರಿಂದ ತೂತೇ ಇಲ್ಲ. ಸಿದ್ಧಾಂತಿಯ ಉತ್ತರ ಹೀಗಿದೆ: ನೀರು ಚಾರ್ವಾಕ ಮತಕ್ಕೆ ಸೇರಿದ್ದಲ್ಲ. ಅದು ಸ್ಟಿಕ್ಕರಿನ ಅಂಚಿನಲ್ಲಿ ನುಸುಳಿ, ನಾರಿನ ಗುಂಟ ಸಾಗಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಪದರಗಳನ್ನು ಒಂದರಿಂದೊಂದು ಬಿಡಿಸುತ್ತದೆ. ವಿನಿಪೆಗ್‌ನಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದು ಅಲ್ಲಿಯವರಿಗೆ ಸುದ್ದಿಯೂ ಅಲ್ಲ. ಇದನ್ನು ಕೇಳಿದ ಪೂರ್ವಪಕ್ಷ “ಹಂಗಾದ್ರೆ ನಿಮ್ಮಿಷ್ಟ” ಎಂದು ಒಳಗೆ ಹೋಯಿತು. ಶಾಸ್ತ್ರದಲ್ಲಿ ಇದನ್ನು ಜಯ ಎನ್ನುತ್ತಾರೆ. ಸಂಸಾರದಲ್ಲಿ ಎನ್ನುವುದಿಲ್ಲ.

ಪ್ರಬಂಧದ ಮುಖ್ಯ ಪ್ರಮೇಯಕ್ಕೆ ಬರೋಣ: ರಿಪೇರಿ ಪ್ರಾಮಾಣಿಕವಾದಷ್ಟೂ ತೂತು ದೊಡ್ಡದಾಗುತ್ತದೆ. ಕಾರಣ ಸರಳ. ಎಂದೋ ಗಟ್ಟಿಯಾದ ಹಳೆಯ ರೆಸಿನ್ ಹೊಸ ರೆಸಿನ್ ಜೊತೆ ರಕ್ತಸಂಬಂಧ ಬೆಳೆಸುವುದಿಲ್ಲ; ಹೊಸದು ಹಳೆಯದರ ತರಿತರಿ ಮೈಯನ್ನು ಕಚ್ಚಿ ಹಿಡಿದಿರಬೇಕು, ಅಷ್ಟೆ. ಕಚ್ಚಲು ಜಾಗ ಬೇಕು. ಅದಕ್ಕಾಗಿ ತೂತಿನ ಅಂಚನ್ನು ಸುತ್ತಲೂ ಇಳಿಜಾರಾಗಿ ಉಜ್ಜಬೇಕು, ಗೋಡೆಯ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. ಗೋಡೆ 3 ಮಿಲಿಮೀಟರ್ ಇದ್ದರೆ ಇಳಿಜಾರು ಪ್ರತಿ ಬದಿಗೂ 36. ಹೆಬ್ಬೆರಳಿನ ಉಗುರಿನಷ್ಟು, ಅಂದರೆ 20 ಮಿಲಿಮೀಟರಿನ ತೂತು ಈಗ 92 ಮಿಲಿಮೀಟರಿನ ಬಟ್ಟಲು. ವಿಸ್ತೀರ್ಣ ಲೆಕ್ಕ ಹಾಕಿದರೆ ಇಪ್ಪತ್ತೊಂದು ಪಟ್ಟು! ಪಿಕ್‌ನಿಕ್ ಮೇಜು ಮಾಡಿದ್ದು ಒಂದು ಪಾಲು, ಉಳಿದ ಇಪ್ಪತ್ತು ಪಾಲು ರಿಪೇರಿಯವನ ಕೈಂಕರ್ಯ.

ಉಜ್ಜುವ ಮುಂಚೆ ಅಸಿಟೋನ್‌ನಿಂದ ಒರೆಸಬೇಕು. ಇಲ್ಲವಾದರೆ ಹಳೆಯ ಮೇಣವನ್ನು ಸ್ಯಾಂಡ್‌ಪೇಪರೇ ಒಳಗೆ ತುಂಬಿಸಿಬಿಡುತ್ತದೆ. ಪೇಪರ್ 80ರದ್ದು. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ತೋಳು ಪೂರ್ತಿ ಮುಚ್ಚುವ ಅಂಗಿ. ಗಾಜಿನ ಧೂಳು ಮೈಗೆ ಹತ್ತಿದರೆ ಉಂಟಾಗುವ ತುರಿಕೆಯ ಮುಂದೆ ನಸುಗುನ್ನಿಯೂ ಸಜ್ಜನ.

ಬಟ್ಟಲಿಗೆ ನಾರಿನ ತುಂಡುಗಳನ್ನು ಯಾವ ಕ್ರಮದಲ್ಲಿ ಕೂರಿಸಬೇಕು? ಇಲ್ಲಿ ಮತಗಳು ಒಡೆದಿವೆ. ಚಿಕ್ಕಮೊದಲಿಗರು ಹೇಳುತ್ತಾರೆ: ತಳ ಕಿರಿದು, ಬಾಯಿ ಅಗಲ, ಚಿಕ್ಕ ತುಂಡನ್ನು ಕೆಳಗಿಟ್ಟು ದೊಡ್ಡದರಿಂದ ಮುಚ್ಚುವುದೇ ಲೋಕರೂಢಿ. ದೊಡ್ಡಮೊದಲಿಗರ ಆಕ್ಷೇಪ: ಕೊನೆಗೆ ಮೈ ಸಮಮಾಡಲು ಉಜ್ಜುವಾಗ ಮೇಲಿರುವ ಆ ದೊಡ್ಡ ತುಂಡೇ ತಾನೆ ಸವೆದು ಕತ್ತರಿಸಿಹೋಗುವುದು? ಅದನ್ನೇ ಮೊದಲು ಹಾಸಿದರೆ ಇಳಿಜಾರಿನ ಉದ್ದಕ್ಕೂ ಅಖಂಡವಾಗಿ ಅಂಟಿರುತ್ತದೆ, ಸವೆದರೆ ಮೇಲಿನ ಚಿಕ್ಕದು ಸವೆಯಲಿ. ಪ್ರಬಂಧಕಾರ ದೊಡ್ಡಮೊದಲಿಗರ ಪಕ್ಷ. ಈ ಪಕ್ಷಕ್ಕೆ ಸೇರಿದ ಮೇಲೆ ಚಿಕ್ಕಮೊದಲಿಗರ ಜೊತೆ ಒಂದೇ ಕ್ಯಾಂಪ್‌ಫೈರಿನ ಸುತ್ತ ಕೂರುವುದು ಕಷ್ಟವಾಗಿದೆ.

ಮಲ್ಪೆ ಕಡೆ ಫೈಬರ್ ದೋಣಿ ರಿಪೇರಿ ಮಾಡುವವರು ಇದೇ ಕೆಲಸವನ್ನು ಲುಂಗಿ ಎತ್ತಿ ಕಟ್ಟಿ, ಒಂದು ಬ್ರಷ್ಷು ಹಿಡಿದು, ಚಹಾ ಬರುವುದರೊಳಗೆ ಮುಗಿಸಿಬಿಡುತ್ತಾರೆ. ಆದರೆ ಅವರು ಪ್ರಬಂಧ ಬರೆದಿಲ್ಲವಾದ್ದರಿಂದ ಅವರನ್ನು ಆಕರವೆಂದು ಸ್ವೀಕರಿಸಲು ಬರುವುದಿಲ್ಲ.

ರೆಸಿನ್ ತಾನಾಗಿ ಗಟ್ಟಿಯಾಗದು; ಅದಕ್ಕೆ ಎಂಇಕೆಪಿ ಎಂಬ ಹಾರ್ಡ್‌ನರ್ ಬೇಕು. 100 ಮಿಲಿಲೀಟರ್ ರೆಸಿನ್‌ಗೆ ಒಂದರಿಂದ ಎರಡು ಮಿಲಿಲೀಟರ್, ಹೆಚ್ಚಿಲ್ಲ. ಇದರ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಈ ಒಂದು ವಾಕ್ಯದಲ್ಲಿ ಪ್ರಬಂಧಕಾರ ಅಣಕವಾಡುತ್ತಿಲ್ಲ. ನಮ್ಮ ಊರುಗಳಲ್ಲಿ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಬೇರೆ ಡಬ್ಬಿಯಲ್ಲಿ ಸಿಗುವುದುಂಟು. ಅದನ್ನೂ ಹಾರ್ಡ್‌ನರನ್ನೂ ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಅವಸರಕ್ಕೆ ಹಾರ್ಡ್‌ನರ್ ಜಾಸ್ತಿ ಸುರಿದರೆ ಒಂದು ದಾರ್ಶನಿಕ ಅನಾಹುತ ನಡೆಯುತ್ತದೆ. ಲೋಟದಲ್ಲಿ ಉಳಿದ ರೆಸಿನ್ ತನ್ನಷ್ಟಕ್ಕೇ ಬಿಸಿಯೇರಿ, ಬಿರಿದು, ಹೊಗೆಯಾಡತೊಡಗುತ್ತದೆ. ಬೆಂಕಿ ಎಲ್ಲೂ ಇಲ್ಲ. ‘ಪರ್ವತದಲ್ಲಿ ಬೆಂಕಿಯಿದೆ, ಹೊಗೆ ಇರುವುದರಿಂದ’ ಎಂದು ಎರಡು ಸಾವಿರ ವರ್ಷಗಳಿಂದ ಪಾಠ ಹೇಳುತ್ತ ಬಂದ ನೈಯಾಯಿಕರ ವ್ಯಾಪ್ತಿ ಒಂದು ಪ್ಲಾಸ್ಟಿಕ್ ಲೋಟದಲ್ಲಿ ಮುರಿದುಬೀಳುತ್ತದೆ. ಲೋಟವನ್ನು ಒಣಹುಲ್ಲಿನ ಮೇಲಿಟ್ಟವರಿಗೆ ಮಾತ್ರ ಸ್ವಲ್ಪ ಹೊತ್ತಿನಲ್ಲೇ ನೈಯಾಯಿಕರು ಹೇಳಿದ್ದು ಸರಿ ಎನಿಸಬಹುದು.

ಕೊನೆಯದು ಜೆಲ್‌ಕೋಟ್. ಸಾಮಾನ್ಯ ಬಣ್ಣಗಳು ಗಾಳಿಗೆ ಒಣಗಿದರೆ ಇದು ಗಾಳಿ ತಾಗಿದಲ್ಲೇ ಅಂಟಂಟಾಗಿ ಉಳಿಯುತ್ತದೆ. ಮೇಣ ಬೆರೆಸಬೇಕು, ಇಲ್ಲವೇ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಆದರೆ ನಿಜವಾದ ಸಮಸ್ಯೆ ವರ್ಣದ್ದು. ಬೋಲರ್ ಬಿಳಿ ಎಂದು ಎಲ್ಲರೂ ಒಪ್ಪುತ್ತಾರೆ. ಹಳೆಯ ಲಾಂಛನದ ಪಟ್ಟಿಯನ್ನು ಕಿತ್ತು ನೋಡಿದರೆ ಅಡಿಯಲ್ಲಿ ಇನ್ನೊಂದೇ ಬಿಳಿ ಇರುತ್ತದೆ, ಸೂರ್ಯನನ್ನೇ ಕಾಣದ ಬಿಳಿ. ಹಾಗಾದರೆ ಗೋಡೆಯ ನಿಜವಾದ ಬಣ್ಣ ಯಾವುದು? ಬಿಸಿಲಿಗೆ ಸೀಮೆಸುಣ್ಣದಂತಾದ ಈ ಬಿಳಿಗೆ ಹೊಂದಿಸಿ ಹಳದಿ, ಕಂದು, ಚೂರು ಕಪ್ಪು ಹನಿಸುತ್ತ ಕೂತರೆ, ಲೋಟದಲ್ಲಿ ಸರಿಹೋದ ಬಣ್ಣ ಗಟ್ಟಿಯಾದ ಮೇಲೆ ಬೇರೆಯಾಗುತ್ತದೆ. ಮೂಲ ಬಿಳಿಯನ್ನೇ ಹಚ್ಚಿದರೆ ಅದು ಹಣೆಗಿಟ್ಟ ವಿಭೂತಿ. ಮತ್ತೆ 400, 600, 1000, 1500ರ ಪೇಪರುಗಳಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಕೊಟ್ಟಾಗ ಆ ಒಂದು ವೃತ್ತ ಕನ್ನಡಿಯಂತೆ ಹೊಳೆದು, ಉಳಿದ ಗೋಡೆಯನ್ನೆಲ್ಲ ಅವಮಾನಿಸುತ್ತದೆ. ಆ ಗೋಡೆಗೆ ಪಾಲಿಶ್ ಕೊಟ್ಟರೆ ಪಕ್ಕದ ಗೋಡೆ ಮುನಿಸಿಕೊಳ್ಳುತ್ತದೆ. ತೂತು ಹೀಗೆ ನಾಲ್ಕೂ ಬದಿಗೆ ವ್ಯಾಪಿಸಿ, ನಿರ್ಗುಣ ನಿರಾಕಾರ ಸ್ಥಿತಿಗೆ ಏರಿತೆಂಬಲ್ಲಿಗೆ ಪ್ರಮೇಯ ಸಿದ್ಧವಾಯಿತು.

ಪೂರ್ವಪಕ್ಷ ಕಾಫಿ ಹಿಡಿದು ಹೊರಬಂದು, ವೃತ್ತವನ್ನು ನೋಡಿ, ಅಂಗೈ ಅಗಲಿಸಿ ಅದರ ಮೇಲಿಟ್ಟು ಅಳತೆ ತೆಗೆದುಕೊಂಡಿತು. “ಮೊದಲೇ ಹೇಳಿದಾಗ ಚಿಕ್ಕ ಸ್ಟಿಕ್ಕರ್ ಸಾಕಿತ್ತು. ಈಗ ಇಷ್ಟು ದೊಡ್ಡದು ಎಲ್ಲಿ ಸಿಗುತ್ತೆ ರೀ?”