ಅಪ್ಪನಿಗೆ ಹಸು ತೋರಿಸುವ ವಿಧಾನ

ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದುಕೊಂಡು, ಆರು ತಿಂಗಳ ವಿಸಿಟರ್ ವೀಸಾದಲ್ಲಿ ಅಪ್ಪ-ಅಮ್ಮನನ್ನು ಕರೆಸಿಕೊಂಡಿರುವ ಕನ್ನಡಿಗರಿಗಾಗಿ ಈ ಕೈಪಿಡಿ. ಲಂಡನ್ನಿನ ಸೇತುವೆ, ಅರಮನೆ ಎಲ್ಲ ಮುಗಿದು, ಮೂರನೇ ವಾರಕ್ಕೆ ಅಪ್ಪ ಕಿಟಕಿ ಪಕ್ಕ ಕೂತು ಹೋಗಿಬರುವ ಕಾರು ಎಣಿಸಲು ಶುರುಮಾಡಿದಾಗ ಬಳಸಿ. ಇಲ್ಲಿ ವಿವರಿಸಿರುವ ಮಾದರಿ: ಚನ್ನರಾಯಪಟ್ಟಣ ತಾಲ್ಲೂಕು, ತಯಾರಿ 1950ರ ದಶಕ, ಹಳ್ಳಿಕಾರ್ ಎತ್ತು ಕಟ್ಟಿದ ಅನುಭವ ಅರ್ಧ ಆಯುಷ್ಯ. ಬೇರೆ ತಾಲ್ಲೂಕಿನ ಮಾದರಿಗಳ ವರ್ತನೆಗೆ ನಾವು ಜವಾಬ್ದಾರರಲ್ಲ.

ಮೊದಲು ಸ್ಥಳ. ಗ್ಲಾಸ್ಟರ್‌ಶೈರಿನ ಗುಡ್ಡಗಳ ನಡುವಿನ ಕಾಟ್ಸ್‌ವೋಲ್ಡ್ ಫಾರ್ಮ್ ಪಾರ್ಕ್ ಆಗಬಹುದು. ಜೋ ಹೆನ್ಸನ್ ಎಂಬ ಗೇಣಿ ರೈತ 1971ರಲ್ಲಿ ತನ್ನ ಬೆಂಬರೋ ಫಾರ್ಮಿನ ಒಂದು ಭಾಗವನ್ನು ಜನರಿಗೆ ತೆರೆದ. ಲೆಕ್ಕ ಸರಳ: ಮಾರುಕಟ್ಟೆಗೆ ಬೇಡವಾದ ಹಳೇ ತಳಿಗಳನ್ನು ಸಾಕುವುದು, ಮೇವಿನ ಖರ್ಚನ್ನು ನೋಡಲು ಬಂದವರಿಂದ ಎತ್ತುವುದು. ಈಗ ಆತನ ಮಗ ಆ್ಯಡಮ್ ಹೆನ್ಸನ್ ಟಿವಿಯಲ್ಲಿ ಬರುವ ಹೆಸರಾಂತ ರೈತ. ಮಕ್ಕಳಿಗೆ ಕುರಿಮರಿ ಮುದ್ದಾಡಲು, ಕುಣಿದು ಕುಪ್ಪಳಿಸಲು ಬೇಕಾದ್ದೆಲ್ಲ ಅಲ್ಲಿದೆ. ಆ ಭಾಗವನ್ನು ಮೊಮ್ಮಕ್ಕಳಿಗೆ ಬಿಟ್ಟುಬಿಡಿ.

ಎಚ್ಚರಿಕೆ: ಟಿಕೆಟ್ಟಿನ ಬೆಲೆಯನ್ನು ಯಾವ ಕಾರಣಕ್ಕೂ ರೂಪಾಯಿಯಲ್ಲಿ ಹೇಳಬೇಡಿ. ನಾನು ಹೇಳಿಬಿಟ್ಟೆ. "ಹಸ ನೋಡಕ್ಕೆ ದುಡ್ಡಾ? ನಮ್ ಕೊಟ್ಟಿಗೆ ಮುಂದೆ ಒಂದು ಗೇಟ್ ಹಾಕ್ಸಿದ್ರೆ ನಿನ್ ಫೀಜ್ ಕಟ್ಟಕ್ಕೆ ಅಷ್ಟು ಒದ್ದಾಡ್ತಿರ್ಲಿಲ್ವಲ್ಲೋ" ಅಂದರು. ಕಾರಿನಲ್ಲಿ ಹತ್ತು ಮೈಲಿ ಮೌನ.

ಒಳಹೊಕ್ಕ ಮೇಲೆ ಮೊದಲು ಹೈಲ್ಯಾಂಡ್ ಹಸುವಿನ ಹತ್ತಿರ ನಿಲ್ಲಿಸಬೇಡಿ. ದನ ಕಂಡೊಡನೆ ಅಪ್ಪನ ಕಣ್ಣು ಸುಳಿ ಹುಡುಕುತ್ತದೆ. ಹಣೆ, ಬೆನ್ನು, ಪಕ್ಕೆ, ಎಲ್ಲಿ ಸುಳಿ ಇದ್ದರೆ ಮನೆಗೆ ಆಗಿಬರುತ್ತದೆ, ಎಲ್ಲಿದ್ದರೆ ಬರುವುದಿಲ್ಲ ಎನ್ನುವ ಶಾಸ್ತ್ರ. ಮುಖದ ಮೇಲೆಲ್ಲ ಜಡೆ ಇಳಿಬಿಟ್ಟುಕೊಂಡ ಸ್ಕಾಟ್ಲೆಂಡಿನ ಆ ಪ್ರಾಣಿಯ ಎದುರು ಶಾಸ್ತ್ರ ಸೋತಿತು. "ಇದ್ರು ಮೈಯೆಲ್ಲ ಸುಳಿನೇ ಕಣೋ. ಯಾರು ತಗಂತಾರೆ ಇದ್ನ?" ಮುಂದಿನ ಹಂತ ಹಲ್ಲು ನೋಡುವುದು. ಬೇಲಿಯೊಳಗೆ ಕೈ ಹೋಗುವ ಮುನ್ನ ಹಿಡಿದುಕೊಳ್ಳಿ. ಹಿಡಿದ ಕೈಗೆ ಕೆಲಸ ಬೇಕಲ್ಲ, ಮೊಮ್ಮಗಳನ್ನು ಕೊಡಿ: ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ, ಕೆಳಗೆ ಎರಡು ಹಲ್ಲು ಬಂದರೆ ಸುಮಾರು ಎರಡು ವರ್ಷ, ಎಂಟೂ ಬಂದರೆ ಬಾಯ್ಗೂಡಿತು ಎಂದು ಅವಳಿಗೆ ಪಾಠ ಮಾಡುತ್ತಾರೆ. ಅಲ್ಲಿನ ಯಾವ ಫಲಕದಲ್ಲೂ ಈ ಪಾಠ ನನಗೆ ಕಾಣಲಿಲ್ಲ.

ಹಂದಿಗಳ ಮುಂದೆ ಹೆಚ್ಚು ಹೊತ್ತು ಬೇಡ. ಸೇಬಿನ ತೋಪಿನಲ್ಲಿ ಮೇಯುವಾಗ ಹಣ್ಣು ಬಿದ್ದು ಮೈಮೇಲೆ ಕಲೆಯಾಯಿತು ಎಂದು ಗ್ಲಾಸ್ಟರ್‌ಶೈರ್ ಓಲ್ಡ್ ಸ್ಪಾಟ್ಸ್ ಹಂದಿಯ ಬಗ್ಗೆ ಅಲ್ಲಿನವರು ಕಥೆ ಕಟ್ಟಿದ್ದಾರೆ. ಅಮ್ಮ ಅದಕ್ಕೂ ನಗಲಿಲ್ಲ. ಕಾಟ್ಸ್‌ವೋಲ್ಡ್ ಕುರಿಯ ಮುಂದೆ ಮಾತ್ರ ಕುರ್ಚಿ ಕೇಳಿದರು. ಹಣೆಯ ಮೇಲೆ ಉಣ್ಣೆಯ ಕುಚ್ಚು ಇಳಿಬಿದ್ದ ಈ ಕುರಿಗಳ ದುಡ್ಡಿನಲ್ಲೇ ಸುತ್ತಲಿನ ಊರುಗಳಲ್ಲಿ ದೊಡ್ಡ ದೊಡ್ಡ ಚರ್ಚುಗಳು ಎದ್ದವು, ನಾರ್ತ್‌ಲೀಚ್‌ನದೂ ಹಾಗೆ, ಎಂದೆ. "ಬನ್ನೂರು ಕುರಿಗಿಂತ ಎತ್ರ. ಆದ್ರೆ ರುಚಿ ಹೆಂಗೋ" ಅಂದರು ಅಮ್ಮ.

ಈಗ ಮುಖ್ಯ ಭಾಗ. ಗ್ಲಾಸ್ಟರ್ ಹಸುವಿನ ದೊಡ್ಡಿಗೆ ಕರೆದೊಯ್ಯಿರಿ. ಕಡುಕಂದು ಮೈ, ಬೆನ್ನಿನ ಮೇಲಿನಿಂದ ಬಾಲದವರೆಗೆ ಸುಣ್ಣ ಎಳೆದ ಹಾಗೆ ಬಿಳಿ ಪಟ್ಟೆ. ಇಲ್ಲಿ ನೀವು ಹೇಳಬೇಕಾದ ಕಥೆ ಹೀಗಿದೆ: 1796ರಲ್ಲಿ ಇದೇ ಜಿಲ್ಲೆಯ ಎಡ್ವರ್ಡ್ ಜೆನ್ನರ್ ಹಾಲು ಕರೆಯುವ ಹುಡುಗಿಯೊಬ್ಬಳ ಕೈಯ ಗುಳ್ಳೆಯಿಂದ ಸಿಡುಬಿನ ಲಸಿಕೆ ಕಂಡುಕೊಂಡನಲ್ಲ, ಆ ಗುಳ್ಳೆ ಬಂದದ್ದು ಬ್ಲಾಸಮ್ ಎಂಬ ಗ್ಲಾಸ್ಟರ್ ಹಸುವಿನಿಂದ. ಅದರ ಚರ್ಮ ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ಕಾಲೇಜಿನಲ್ಲಿದೆ. ಅಲ್ಲಿಂದ ಹತ್ತು ವರ್ಷದೊಳಗೆ ಲಸಿಕೆ ಮೈಸೂರು ಮುಟ್ಟಿತ್ತು. 1805ರ ಸುಮಾರಿನ ಒಂದು ತೈಲಚಿತ್ರದಲ್ಲಿ ಯುವರಾಣಿಯೊಬ್ಬಳು ಸೆರಗು ಸರಿಸಿ ಎಡಗೈ ತೋರಿಸುತ್ತಿದ್ದಾಳೆ. ಅದು ಲಸಿಕೆ ಚುಚ್ಚಿಸಿಕೊಂಡ ಜಾಗ, ಇವಳು ಒಡೆಯರ ಮನೆಯ ರಾಣಿ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಪ್ಪ ತಮ್ಮ ತೋಳಿನ ಹಳೇ ಅಚ್ಚನ್ನು ಉಜ್ಜಿಕೊಂಡರು. ಆಮೇಲೆ ಹಸುವಿಗೆ ಮೊದಲ ಸಲ ಬಹುವಚನ: "ಎಷ್ಟು ಹಾಲು ಕೊಡ್ತಾರಂತೆ ಇವ್ರು?"

ದೋಷ ಕಾಣಿಸಿಕೊಳ್ಳುವುದು ಇಲ್ಲೇ. ಹೋಲ್‌ಸ್ಟೀನಿಗೆ ಹೋಲಿಸಿದರೆ ಕಡಿಮೆ, ಅದಕ್ಕೇ ರೈತರು ಕೈಬಿಟ್ಟರು, 1900ರಿಂದ 1973ರೊಳಗೆ ಈ ದೇಶದ 26 ತಳಿಗಳು ಹೀಗೇ ನಾಮಾವಶೇಷವಾದವು, ಆಮೇಲೆ ಅಪರೂಪದ ತಳಿಗಳಿಗೆಂದೇ ಒಂದು ಸಂಸ್ಥೆ ಕಟ್ಟಿದರು, ಜೋ ಹೆನ್ಸನ್ನನೇ ಅದರ ಮೊದಲ ಅಧ್ಯಕ್ಷ, ಆ ಮೇಲೆ ಒಂದೂ ಅಳಿದಿಲ್ಲ ಎಂದು ನಾನು ಉತ್ಸಾಹದಲ್ಲಿ ವಿವರಿಸಿದೆ. ಹಾಗೆ ವಿವರಿಸಬೇಡಿ. ನಮ್ಮನೆಗೆ ಟ್ರ್ಯಾಕ್ಟರ್ ಬಂದ ವರ್ಷ ಅಪ್ಪ ಜಾತ್ರೆಯಲ್ಲಿ ಕೊನೇ ಜೋಡಿ ಎತ್ತು ಮಾರಿದ್ದರು. ಟವೆಲ್ಲಿನಡಿ ದಲ್ಲಾಳಿಯ ಬೆರಳು ಹಿಡಿದು ಮುಗಿಸಿದ ಆ ವ್ಯಾಪಾರದ ಮೊತ್ತವನ್ನು ಇವತ್ತಿಗೂ ಅಮ್ಮನಿಗೆ ಹೇಳಿಲ್ಲ. ಅಪ್ಪ ದೊಡ್ಡಿಯ ಕಂಬಿ ಹಿಡಿದು ನಿಂತರು. ಇಂಥ ವೇಳೆ ಗುಂಡಿ ಒತ್ತಿ ಮತ್ತೆ ಚಾಲೂ ಮಾಡಲು ಯತ್ನಿಸಬಾರದು. ಅಮ್ಮನಿಗೆ ಚಹಾ ಕೊಡಿಸಿ, ಮಗುವನ್ನು ಜಾರುಬಂಡೆಗೆ ಕಳಿಸಿ, ಕಾಯಿರಿ.

ಹೊರಡುವ ಮುನ್ನ ಕೈ ತೊಳೆಯುವುದು ಕಡ್ಡಾಯ. ಪ್ರಾಣಿ ಮುಟ್ಟಿದ ಕೈಯಲ್ಲಿ ಇ. ಕೋಲಿ ಇರಬಹುದು, ಬಾಟಲಿಯ ಜೆಲ್ ನೆಚ್ಚಬೇಡಿ, ಸೋಪು ಮತ್ತು ಹರಿಯುವ ನೀರೇ ಆಗಬೇಕು. ಮಗು ತೊಳೆದಳು, ಅಮ್ಮ ತೊಳೆದರು. ಅಪ್ಪ ನಲ್ಲಿ ತಿರುಗಿಸಿ ನೀರು ಹರಿಯಲು ಬಿಟ್ಟು, ಹಿಂದೆ ಯಾರೂ ನೋಡುತ್ತಿಲ್ಲ ಅಂದುಕೊಂಡು ಅಂಗೈಯನ್ನು ಒಂದು ಸಲ ಮೂಸಿದರು. ಆಮೇಲೆ ಸೋಪು ಹಾಕಿದರು.