ದ್ರಾಕ್ಷಾಪಾಕದ ಕಾಕಾ

ಸಾಂಗಲಿ-ಮಿರಜಗಳಲ್ಲಿ ಕನ್ನಡ ಮಾತನಾಡುವ ಹಳೆಯ ಮನೆತನಗಳೊಳಗೆ ಇಂಥ ಒಬ್ಬ ಕಾಕಾ ಇದ್ದೇ ಇರುತ್ತಾರೆ. ಸರಕಾರಿ ಚಾಕರಿಯಿಂದ, ಬಹುಮಟ್ಟಿಗೆ ರೈಲ್ವೆಯಿಂದ, ನಿವೃತ್ತರಾದವರು. ಮಧ್ಯಾಹ್ನದ ನಿದ್ರೆಯಲ್ಲಿ ಅಚಲ ನಿಷ್ಠೆಯುಳ್ಳವರು. ವರ್ಷದ ಹನ್ನೊಂದು ತಿಂಗಳು ಕುಡಿಯುವ ನೀರಿನ ತಂಬಿಗೆಯನ್ನೂ ಸ್ವಹಸ್ತದಿಂದ ತೆಗೆದುಕೊಳ್ಳದವರು. ಹನ್ನೆರಡನೆಯ ತಿಂಗಳಲ್ಲಿ, ಎಂದರೆ ಹೋಳಿ ಹುಣ್ಣಿಮೆ ಕಳೆದು ಬಿಸಿಲು 40 ಡಿಗ್ರಿಯ ಹೊಸ್ತಿಲಿಗೆ ಬಂದು ನಿಂತು, ತಾಸಗಾಂವದ ದ್ರಾಕ್ಷಿಯು ಶಿವಾಜಿ ಮಂಡಈಯಲ್ಲಿ ರಾಶಿರಾಶಿಯಾಗಿ ಬಂದು ಬೀಳುವ ಹೊತ್ತಿಗೆ, ಯಾವ ಪೂರ್ವಸೂಚನೆಯೂ ಇಲ್ಲದೆ ಅಡಿಗೆಮನೆಗೆ ದಯಮಾಡಿಸುವವರು. ಆ ದಿವಸ ಮನೆಯ ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, ಒಡೆಯಬಹುದಾದ ಪಾತ್ರೆಗಳನ್ನೆಲ್ಲ ಮೇಲಿನ ಗೂಡಿಗೆ ಏರಿಸಿಬಿಡುತ್ತಾರೆ.

ತಣ್ಣನೆಯ ಹಣ್ಣಿನ ಸೂಪಿನ ಪರಿಚಯ ಕಾಕಾರಿಗೆ ಆದದ್ದು ಪುಣೆಯ ಯಾವುದೋ ಮದುವೆಯ ಭೋಜನಕೂಟದಲ್ಲಿ. ಮೊದಲ ಚಮಚಕ್ಕೇ, ಆರಿಹೋದ ಸೂಪನ್ನು ತಂದಿಟ್ಟನೆಂದು ಬಡಿಸುವ ಹುಡುಗನನ್ನು ಗದರಿಸಿ, ಅದು ಹಾಗೆಯೇ ಇರತಕ್ಕದ್ದೆಂದು ಆ ಹುಡುಗನಿಂದಲೇ ತಿಳಿದುಕೊಂಡು, ಎರಡನೆಯ ಚಮಚದೊಳಗಾಗಿ ಅದರ ಪರಮಭಕ್ತರಾಗಿ, ಮೂರನೆಯದಕ್ಕೆ ಪಕ್ಕದ ಪಂಕ್ತಿಯವರಿಗೆ ಅದರ ಲಕ್ಷಣಗಳನ್ನು ನಿರೂಪಿಸತೊಡಗುವುದು ಈ ವರ್ಗದ ವಿದ್ವತ್ತು ಬೆಳೆಯುವ ಕ್ರಮ. ಊರಿಗೆ ಮರಳುವಷ್ಟರಲ್ಲಿ ಅದರ ಇತಿಹಾಸವೂ ಸಿದ್ಧವಾಗಿರುತ್ತದೆ. ಹಂಗೇರಿಯವರು ಹುಳಿ ಚೆರಿಹಣ್ಣನ್ನು ಸಕ್ಕರೆಯೊಡನೆ ಕುದಿಸಿ, ಹುಳಿಗೆನೆ ಬೆರೆಸಿ, ತಂಪುಗೊಳಿಸಿ ಬೇಸಗೆಯ ಊಟದ ಆರಂಭಕ್ಕೇ ಉಣ್ಣುವರೆಂಬುದನ್ನೂ, ಸ್ವೀಡನ್ ದೇಶದಲ್ಲಿ 1922 ರಲ್ಲಿ ಆರಂಭವಾದ ವಾಸಾಲೊಪೆಟ್ ಎಂಬ 90 ಕಿಲೋಮೀಟರಿನ ಹಿಮಜಾರಾಟದ ಪಂದ್ಯದಲ್ಲಿ ಸ್ಪರ್ಧಾಳುಗಳಿಗೆ ದಾರಿಯುದ್ದಕ್ಕೂ ಬ್ಲೂಬೆರಿ ಹಣ್ಣಿನ ಸೂಪನ್ನೇ ಕುಡಿಸುವರೆಂಬುದನ್ನೂ, ಅಲ್ಲಿ ಅದನ್ನು ಬೆಚ್ಚಗೆ ಕೊಡುತ್ತಾರೆಂಬ ಅನನುಕೂಲ ಸಂಗತಿಯೊಂದನ್ನು ಮಾತ್ರ ಬಿಟ್ಟು, ಅವರು ಪಡಸಾಲೆಯ ಜೋಕಾಲಿಯಿಂದ ಸವಿಸ್ತಾರವಾಗಿ ಹೇಳುತ್ತಾರೆ.

ಒಳಗಿನಿಂದ ಅವರ ಹೆಂಡತಿ ಕಾಕೂ ಅನ್ನುತ್ತಾರೆ: “ಅವರು ತೊಂಬತ್ತು ಕಿಲೋಮೀಟರ ಜಾರಿ ಕುಡೀತಾರ್ರೀ. ನೀವು ಗಣಪತಿ ಗುಡಿಗೂ ರಿಕ್ಷಾದಾಗ ಹೋಗ್ತೀರಿ.”

ಇಂಥ ಕ್ಷುದ್ರ ಆಕ್ಷೇಪಗಳಿಗೆ ಕಾಕಾ ಉತ್ತರಿಸುವುದಿಲ್ಲ. ನೇರವಾಗಿ ಸಂಸ್ಥಾನದ ಕಾಲಕ್ಕೆ ಹೊರಟುಬಿಡುತ್ತಾರೆ. ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳವು ಸಾಂಗಲಿಯಲ್ಲಿ ಆಟವಾಡಿದ್ದು, ಅದನ್ನು ಕಂಡು ಮೆಚ್ಚಿದ ಸಂಸ್ಥಾನಿಕ ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಅಂಥದೊಂದನ್ನು ಮರಾಠಿಯಲ್ಲಿ ರಚಿಸಲು ಅಪ್ಪಣೆ ಮಾಡಿದ್ದು, 1843 ರಲ್ಲಿ ‘ಸೀತಾಸ್ವಯಂವರ’ವು ರಂಗವನ್ನೇರಿ ಮರಾಠಿ ನಾಟಕಕ್ಕೆ ನಾಂದಿಯಾದದ್ದು, ಇವೆಲ್ಲ ಈ ಊರಿನ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಸಂಗತಿಯಿಂದ ಕಾಕಾ ಹೊರಡಿಸುವ ಸಿದ್ಧಾಂತ ಮಾತ್ರ ಅವರದೇ. “ಕರ್ಕಿ ಆಟ ಸಾಂಗಲಿಗೆ ಬಂದು ಮರಾಠಿ ನಾಟಕ ಆಗೂದಾದ್ರ, ಹಂಗೇರಿ ಸೂಪು ಸಾಂಗಲಿಗೆ ಬಂದು ದ್ರಾಕ್ಷಿ ಸೂಪು ಯಾಕ ಆಗಬಾರದು? ಹೇಳ್ರಿ ನೋಡೂಣು!” ಹೇಳಲು ಯಾರಿಂದಲೂ ಆಗುವುದಿಲ್ಲ. ಮೇಲಾಗಿ ಕಾಕಾ ಓದಿದ್ದು ವಿಲಿಂಗ್ಡನ್ ಕಾಲೇಜಿನಲ್ಲಿ. ಅಲ್ಲಿ ಮುಗಳಿಯವರು ಕನ್ನಡ ಕಲಿಸಿದವರು, ಗೋಕಾಕರು ಪ್ರಿನ್ಸಿಪಾಲರಾಗಿದ್ದವರು. ಆ ಮಹನೀಯರ ಎದುರು ಕುಳಿತು ಪಾಠ ಕೇಳುವ ಯೋಗ ತಮಗೆ ಬಾರದಿದ್ದರೂ, ಅವರು ನಡೆದಾಡಿದ ಪಡಸಾಲೆಗಳಲ್ಲಿ ತಾವೂ ನಡೆದಾಡಿದ್ದರಿಂದ ಸಾಹಿತ್ಯವು ಅಷ್ಟಿಷ್ಟು ಅಂಗಾಲಿನ ಮೂಲಕವಾದರೂ ತಮ್ಮನ್ನು ಪ್ರವೇಶಿಸಿರಬೇಕೆಂದು ಅವರ ನಂಬಿಕೆ. ಆದುದರಿಂದ, ಮಾವಿನ ಸೀಕರಣಿ ಸಾಲದೇ ಎಂದು ಸೊಸೆ ಕೇಳಿದರೆ, ಅಲಂಕಾರಶಾಸ್ತ್ರಜ್ಞರು ಕಾವ್ಯವನ್ನು ಹೊಗಳುವಾಗ ದ್ರಾಕ್ಷಾಪಾಕವೆಂದು ಹೊಗಳಿದರು ಎಂಬ ಉತ್ತರ ತತ್‌ಕ್ಷಣವೇ ಬರುತ್ತದೆ. ಮಾವು ರತ್ನಾಗಿರಿಯಿಂದ ಘಟ್ಟ ಹತ್ತಿ ಬರಬೇಕು, ದ್ರಾಕ್ಷಿಯಾದರೋ ಮನೆಯಂಗಳದ್ದು ಎಂಬ ಅರ್ಥಶಾಸ್ತ್ರವೂ ಅದರ ಹಿಂದೆಯೇ ಬರುತ್ತದೆ.

ಮಂಡಈಯಲ್ಲಿ ಕಾಕಾರನ್ನು ನೋಡಬೇಕು. ಥಾಮ್ಸನ್ನು ಯಾವುದು, ತಾಸ್-ಎ-ಗಣೇಶ ಯಾವುದು ಎಂಬುದನ್ನು ದ್ರಾಕ್ಷಿ ಬೆಳೆದವನಿಗೇ ತಿಳಿಯಹೇಳುತ್ತ, ಪ್ರತಿ ಬುಟ್ಟಿಯಿಂದಲೂ ಪರೀಕ್ಷಾರ್ಥವಾಗಿ ಒಂದೆರಡು ಮಣಿಗಳನ್ನು ಬಾಯಿಗೆ ಹಾಕಿಕೊಳ್ಳುತ್ತ, ಮಂಡಈಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಅರ್ಧ ಊಟವನ್ನು ಮುಗಿಸಿ, ಒಂದು ಕಿಲೋ ಸಾಕಾಗುವಲ್ಲಿ ದರ ಚೆನ್ನಾಗಿದೆಯೆಂದು ಐದು ಕಿಲೋ ಕಟ್ಟಿಸಿಕೊಂಡು ಬರುತ್ತಾರೆ. ಮಿಕ್ಕ ನಾಲ್ಕು ಕಿಲೋ ದ್ರಾಕ್ಷಿ ಒಣಗಿದರೆ ಸುಮಾರು ಒಂದು ಕಿಲೋ ಬೇದಾಣಿಯಾಗುತ್ತದೆಂಬ ಲೆಕ್ಕ ಬೇದಾಣಿಯ ಪೇಟೆಯಾದ ಸಾಂಗಲಿಯಲ್ಲಿ ಎಲ್ಲರಿಗೂ ಬಾಯಿಪಾಠ. ಮಾಳಿಗೆಯ ಮೇಲೆ ಹರವಿ, ಗುಬ್ಬಿ ಕಾಯ್ದು, ಮುಸ್ಸಂಜೆಗೆ ಎತ್ತಿಡುವವರು ಯಾರೆಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಇನ್ನು ಪಾಕಕ್ರಿಯೆ. ಮಿರಜ ಜಂಕ್ಷನ್ನು ಒಂದಾನೊಂದು ಕಾಲಕ್ಕೆ ಬ್ರಾಡ್‌ಗೇಜು, ಮೀಟರ್‌ಗೇಜು, ನ್ಯಾರೋಗೇಜು ಈ ಮೂರೂ ಹಳಿಗಳು ಕೂಡುತ್ತಿದ್ದ ಅಪರೂಪದ ಠಾಣೆ; ಅಲ್ಲಿಯೇ ಆಯುಷ್ಯ ಸವೆಸಿದ ಕಾಕಾರ ನಾಲಗೆಯೂ ತದ್ವತ್ತಾದುದು. ಹೆಂಡತಿಗೆ ಕನ್ನಡ, ಕೆಲಸದ ಮೌಶಿಗೆ ಮರಾಠಿ, ಅಳತೆಯ ಪಾತ್ರೆಯೊಡನೆ ಇಂಗ್ಲಿಷು. ಅಡಿಗೆಮನೆಯ ಬಾಗಿಲಲ್ಲಿ, ಒಳಗಿನ ಒಲೆಯ ಕಾವು ತಾಗದಂತೆ ಹೊರಗಿನ ಪಂಖೆಯ ಗಾಳಿ ತಪ್ಪದಂತೆ, ಸ್ಟೂಲಿನ ಮೇಲೆ ವಿರಾಜಮಾನರಾಗಿ, “ಇವತ್ತ ಎಲ್ಲಾ ನಾನs ಮಾಡಾಂವ. ಯಾರೂ ನಡುವ ಬರಬ್ಯಾಡ್ರಿ” ಎಂದು ಸಾರಿ, ಅನಂತರ ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ನಡುವೆ ಕರೆದುಕೊಳ್ಳುತ್ತಾರೆ. ಸೊಸೆ ತೊಟ್ಟು ಬಿಡಿಸಿ ಉಪ್ಪುನೀರಿನಲ್ಲಿ ತೊಳೆಯಬೇಕು, ಕಾಕೂ ಕುದಿಸಬೇಕು, ಮೊಮ್ಮಗ ಜರಡಿಗೆ ಹಾಕಿ ತಿಕ್ಕಬೇಕು. ಪಾತ್ರೆ ಬೆಳಗುವ ಭಾರ ಮೌಶಿಯದು. ಆಜ್ಞಾಪಿಸುವುದು, ರುಚಿ ನೋಡುವುದು, ಖಂಡಿಸುವುದು, ಈ ಮೂರು ಮುಖ್ಯ ಕ್ರಿಯೆಗಳು ಮಾತ್ರ ಯಜಮಾನರಲ್ಲಿಯೇ ಉಳಿಯುತ್ತವೆ. ನಡುನಡುವೆ ಅವರು ಗಡಿಯಾರವನ್ನು ನೋಡಿ ದ್ರಾಕ್ಷಿಯು ಎಷ್ಟು ನಿಮಿಷ ಲೇಟಾಗಿ ನಡೆದಿದೆ ಎಂಬುದನ್ನು ಪ್ರಕಟಿಸುವುದೂ ಉಂಟು.

ಇಲ್ಲಿ ಕೆಲವು ಶಾಸ್ತ್ರಾರ್ಥಗಳು ನಡೆಯುತ್ತವೆ. ಬರಿಯ ದ್ರಾಕ್ಷಿರಸ ತೆಳ್ಳಗಾಗುತ್ತದೆ, ಬೇರೆಯಾಗಿ ಬೇಯಿಸಿದ ಸಾಬೂದಾಣಿಯನ್ನು ಒಂದಿಷ್ಟು ಕೂಡಿಸಬೇಕು ಎಂದು ಕಾಕೂ ಸೂಚಿಸಿದರೆ, ಅದು ಏಕಾದಶಿಯ ಪದಾರ್ಥ, ಸೂಪಿನ ಘನತೆಗೆ ಒಪ್ಪುವುದಿಲ್ಲವೆಂದು ಕಾಕಾ ತಳ್ಳಿಹಾಕುತ್ತಾರೆ. ಉತ್ತರ ಯುರೋಪಿನ ಮನೆಗಳಲ್ಲಿ ಹಣ್ಣಿನ ಸೂಪನ್ನು ಗಟ್ಟಿಗೊಳಿಸುವುದಕ್ಕೆ ಬಟಾಟೆಯ ಪಿಷ್ಟವನ್ನೋ ಸಾಬೂದಾಣಿಯನ್ನೋ ಹಾಕುವ ಪದ್ಧತಿಯೇ ಇದೆಯೆಂಬುದು ಅವರ ವಿದ್ವತ್ತಿನೊಳಗೆ ಇನ್ನೂ ಸೇರಿರುವುದಿಲ್ಲ. ಕೆನೆಯನ್ನು ಈಗಲೇ ಹಾಕಿರೆಂದು ಅವರು. ಹುಳಿಯುಳ್ಳ ರಸ ಕುದಿಯುವಾಗ ಕೆನೆ ಬಿದ್ದರೆ ಒಡೆಯುತ್ತದೆಂದು ಇವರು. ಕೊನೆಗೆ ಕಾಕಾ ಪಾತ್ರೆಯನ್ನು ಸ್ವತಃ ಎತ್ತಿ ಸುರಿದೇಬಿಡುತ್ತಾರೆ, ಅದು ಒಡೆದೇಬಿಡುತ್ತದೆ, “ಹಂಗೇರಿಯೊಳಗ ಹಿಂಗs ಇರ್ತದ” ಎಂಬ ಸಮರ್ಥನೆಯೂ ಹೊರಬಿದ್ದೇಬಿಡುತ್ತದೆ. ಸಿಹಿಯ ವಿಷಯದಲ್ಲಿಯೂ ಇದೇ ಕಥೆ. ಬಿಸಿಯಿದ್ದಾಗ ನಾಲಗೆಗೆ ಸಾಕೆನಿಸಿದ ಸಕ್ಕರೆ ತಣ್ಣಗಾದ ಮೇಲೆ ಸಪ್ಪೆಯೆನಿಸುತ್ತದೆ ಎಂಬುದು ಕುಲ್ಫಿ ಮಾಡಿದ ಯಾವ ಗೃಹಿಣಿಗೂ ಗೊತ್ತಿರುವ ಮಾತು. ಕಾಕಾ ಮಾತ್ರ ಬಿಸಿಯ ರುಚಿಯನ್ನೇ ಪ್ರಮಾಣವೆಂದು ಹಿಡಿದು, ಸಕ್ಕರೆಯ ಡಬ್ಬಿಯನ್ನು ಮುಚ್ಚಿಸಿಬಿಡುತ್ತಾರೆ.

ಮುಂದಿನ ಅಂಕ ಫ್ರಿಜ್ಜಿನದು. ಹಬೆಯಾಡುವ ಪಾತ್ರೆಯನ್ನೇ ಒಳಗಿಡಬೇಕೆಂದು ಅವರ ಹಟ. ಅದಕ್ಕಾಗಿ ಮೊಸರಿನ ಗಡಿಗೆ, ಕೊತ್ತಂಬರಿಯ ಕಟ್ಟು, ದೋಸೆಯ ಹಿಟ್ಟು, ಕಾಕೂರ ಕಣ್ಣಿನ ಔಷಧ, ಎಲ್ಲವೂ ನಿರ್ವಾಸಿತರಾಗಿ ಕಟ್ಟೆಯ ಮೇಲೆ ಬಂದು ಕೂಡುತ್ತವೆ. ತಣ್ಣಗಾಯಿತೋ ಇಲ್ಲವೋ ನೋಡಬೇಕೆಂದು ಕಾಕಾ ಗಳಿಗೆಗೊಮ್ಮೆ ಬಾಗಿಲು ತೆರೆದು ಇಣಿಕುವುದರಿಂದ, ಒಳಗಿನ ತಂಪೆಲ್ಲ ಹೊರಬಂದು ಅಡಿಗೆಮನೆಗೆ ಕಿಂಚಿತ್ತು ಉಪಕಾರವಾಗುತ್ತದೆಯೇ ಹೊರತು ಸೂಪಿಗಲ್ಲ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಪಂಖೆ ನಿಂತೊಡನೆ ಕಾಕಾರ ಶಾಸ್ತ್ರಾಸಕ್ತಿಯೂ ನಿಂತು, ಅವರು ಪಡಸಾಲೆಯ ಚಾಪೆಯ ಮೇಲೆ ಒರಗಿ, ವಿದ್ಯುತ್ ಮಂಡಳಿಯನ್ನು ಮೂರೂ ಭಾಷೆಗಳಲ್ಲಿ ಸ್ಮರಿಸುತ್ತ ನಿದ್ರೆಹೋಗುತ್ತಾರೆ.

ಆ ನಿದ್ರೆಯ ಒಂದೂವರೆ ತಾಸಿನಲ್ಲಿಯೇ ಸೂಪು ಹುಟ್ಟುವುದು. ಸದ್ದಿಲ್ಲದೆ ಪಾತ್ರೆ ಹೊರಬರುತ್ತದೆ. ಒಡೆದ ಕೆನೆ ತೆಳುವಾದ ಬಟ್ಟೆಯಲ್ಲಿ ಸೋಸಲ್ಪಡುತ್ತದೆ. ಏಕಾದಶಿಯ ಸಾಬೂದಾಣಿ ದ್ವಾರದಿಂದಲ್ಲದೆ ಕಿಟಕಿಯಿಂದ ಬಂದ ಅತಿಥಿಯಂತೆ ಒಳಸೇರುತ್ತದೆ. ಸಕ್ಕರೆ, ಲಿಂಬೆಯ ರಸ, ಯಾಲಕ್ಕಿ, ಚಿಟಿಕೆ ಉಪ್ಪು ಕೂಡಿ, ಪರಾತದ ತಣ್ಣೀರಿನಲ್ಲಿ ಕುಳಿತು ಆರಿ, ಕರೆಂಟು ಬಂದ ಮೇಲೆ ಮತ್ತೆ ಅದೇ ಸ್ಥಾನದಲ್ಲಿ, ಅದೇ ಮುಚ್ಚಳದೊಡನೆ, ಏನೂ ಅರಿಯದಂತೆ ಹೋಗಿ ಕೂಡುತ್ತದೆ. ಕಾಕಾ ಎದ್ದು ಬಾಗಿಲು ತೆರೆದು ಬೆರಳದ್ದಿ ನೋಡಿ, “ಹೇಳಿರಲಿಲ್ಲೇನು?” ಅನ್ನುತ್ತಾರೆ.

ಸಂಜೆಗೆ ಮಿತ್ರಮಂಡಳಿ. ಮಿರಜಿನ ಮೀರಾಸಾಹೇಬರ ದರ್ಗಾದಲ್ಲಿ ಅಬ್ದುಲ ಕರೀಮಖಾನರ ಸ್ಮರಣೆಗಾಗಿ ನಡೆಯುವ ಸಂಗೀತೋತ್ಸವದಲ್ಲಿ ಮುಂದಿನ ಸಾಲಿಗೆ ಕುಳಿತು ತಲೆದೂಗಿ ಅಭ್ಯಾಸವುಳ್ಳ ಈ ರಸಿಕರು, ಆಟಪಾಡಿಯ ದಾಳಿಂಬೆಯ ಕಾಳುಗಳು ತೇಲುವ ವಾಟಿಯನ್ನು ಕೈಗೆತ್ತಿಕೊಂಡು, ಮೊದಲ ಗುಟುಕಿಗೆ ಕಣ್ಣು ಮುಚ್ಚಿ, ಸಮ್ಮಿಗೆ ಬಂದಾಗಿನಂತೆಯೇ ತಲೆದೂಗುತ್ತಾರೆ. ಆಗ ಕಾಕಾರ ವ್ಯಾಕರಣ ಕೇಳತಕ್ಕದ್ದು: ನಾ ತೊಳದೆ, ನಾ ಕುದಿಸಿದೆ, ನಾ ಸೋಸಿದೆ. ಉತ್ತಮಪುರುಷ ಏಕವಚನವು ಇಷ್ಟು ಜನರ ಕೆಲಸವನ್ನು ಹೊತ್ತುಕೊಂಡ ದೃಷ್ಟಾಂತ ನನಗೆ ಬೇರೆಲ್ಲಿಯೂ ಕಂಡಿಲ್ಲ. ನ್ಯಾಯಕ್ಕೆ ಹೇಳಬೇಕೆಂದರೆ, ರುಚಿಯನ್ನಾದರೂ ಅವರು ನಿಜವಾಗಿಯೇ ನೋಡಿದ್ದರು, ಮತ್ತು ಅನೇಕ ಸಲ ನೋಡಿದ್ದರು. ಕಾಕೂ ಬಾಗಿಲ ಮರೆಯಲ್ಲಿ ನಿಂತು ನಗುತ್ತಾರೆಯೇ ಹೊರತು ತುಟಿ ಬಿಚ್ಚುವುದಿಲ್ಲ. ಐವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಈ ಗಂಡನ ಮೇಲೆ ಸಿಟ್ಟಿಗಿಂತ ಮಮತೆಯೇ ಹೆಚ್ಚೆಂದು ನನ್ನ ಊಹೆ. ಮಿತ್ರರು ಕೇಳಿದರೆಂದು ಕಾಕಾ ಕೃತಿಯನ್ನು ಬರೆಯಿಸಿಕೊಡುತ್ತಾರೆ. ಅದರಲ್ಲಿ ಹಂಗೇರಿಯಿದೆ, ಸ್ವೀಡನ್ನಿದೆ, ಭಾವೆಯವರಿದ್ದಾರೆ. ಸಾಬೂದಾಣಿ ಮಾತ್ರ ಇಲ್ಲ.

ಆದುದರಿಂದ ಎರಡು ದಿವಸ ಬಿಟ್ಟು, ಆ ಮಿತ್ರರ ಮನೆಯ ವೈನಿಯೊಬ್ಬರು ಒಡೆದ ಕೆನೆಯ ಸಮಾಚಾರ ಹೊತ್ತು ಹಿತ್ತಲ ಬಾಗಿಲಿಗೆ ಬರುತ್ತಾರೆ. ಕಾಕೂ ಸೆರಗಿಗೆ ಕೈಯೊರೆಸಿಕೊಂಡು, ದನಿ ತಗ್ಗಿಸಿ, ಒಂದೇ ಉಸಿರಿಗೆ ಹೇಳುತ್ತಾರೆ: “ಒಂದು ಕಿಲೋ ದ್ರಾಕ್ಷಿಗೆ ಮೂರು ವಾಟಿ ನೀರು ಹಾಕಿ, ಸಿಪ್ಪಿ ಒಡಿಯೂತನಕಾ ಕುದಿಸಿ ಜರಡಿಯಾಗ ಸೋಸ್ರಿ. ಎರಡು ಚಮಚಾ ಸಾಬೂದಾಣಿ ನೆನಸಿ, ಬ್ಯಾರೆ ಬೇಯಿಸಿ, ಕಾಜಿನ್ಹಂಗ ಆದ ಮ್ಯಾಲೆ ಕೂಡಿಸ್ರಿ. ಸಕ್ಕರಿ ನಾಲಿಗಿ ಹೇಳಿದ್ದಕ್ಕಿಂತ ಒಂದು ಚಮಚಾ ಹೆಚ್ಚು. ಪೂರಾ ಆರಿದ ಮ್ಯಾಲೆ ಫ್ರಿಜ್ಜಿನ್ಯಾಗ ನಾಲ್ಕು ತಾಸು. ಕೆನಿ ಕಡೀಕ, ಬಡಸೂ ಮುಂದ.”

ವೈನಿ ಹೊರಳಿ ಹೊರಡುವಾಗ ಮತ್ತೆ ಕರೆದು ನಿಲ್ಲಿಸಿ ಹೇಳುತ್ತಾರೆ: “ಅಲ್ಲ, ಮೊದಲಿಂದs ಹೇಳೂದು ಬಿಟ್ಟೆ ನೋಡ್ರಿ. ಒಲಿ ಹಚ್ಚೂಕಿಂತಾ ಮೊದಲ ನಿಮ್ಮ ಮನಿಯವರನ್ನ ಹರಿಪುರಕ್ಕ ಕಳಸ್ರಿ. ಸಂಗಮೇಶ್ವರನ ದರ್ಶನಾ ಮುಗಿಸಿ, ನದಿ ದಂಡಿಗೆ ಕೂತು ಎದ್ದು ಬರೂದ್ರೊಳಗ ಎಲ್ಲಾ ಆಗಿರ್ತದ.”