ಬಡತನಕ್ಕೂ ಒಟಿಪಿ ಬೇಕ್ರಿ

ಇಂಡಿ ಸೀಮೆಯಲ್ಲಿ ಎರಡು ಬೆಳೆ ಹುಲುಸಾಗಿ ಬರುತ್ತವೆ. ಒಂದು ಲಿಂಬಿ, ಇನ್ನೊಂದು ಅರ್ಜಿ. ಮೊದಲನೆಯದಕ್ಕೆ ಸರ್ಕಾರ ಇಂಡಿಯಲ್ಲೇ ಲಿಂಬೆ ಅಭಿವೃದ್ಧಿ ಮಂಡಳಿ ಇಟ್ಟಿದೆ. ಎರಡನೆಯದಕ್ಕೆ ಮಂಡಳಿಯ ಗೊಡವೆಯಿಲ್ಲ, ಝಳಕಿಯಂಥ ಹೆದ್ದಾರಿ ಊರಿನ ಒಂದು ಕಂಪ್ಯೂಟರ್ ಸೆಂಟರ್ ಸಾಕು.

ಅಂಥ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಕಾಕಾನನ್ನು ಊಹಿಸಿಕೊಳ್ಳಿ. ಒಂದು ಟಾಟಾ ಏಸ್ ಇದೆ. ಲಿಂಬಿ ಚೀಲ ಹೇರಿಕೊಂಡು ಸೊಲ್ಲಾಪುರಕ್ಕೆ ಹೋಗಿಬರುತ್ತಾನೆ. ಗಾಡಿ ಕೆಮ್ಮತೊಡಗಿದೆ, ಹೊಸದಕ್ಕೆ ಸಾಲ ಬೇಕು. ಬ್ಯಾಂಕಿನವರು ‘ಐಟಿ ರಿಟರ್ನ್ ತರ್ರಿ’ ಅಂದಿದ್ದಾರೆ.

ತೆರಿಗೆ ಕಾಯ್ದೆ ಇಂಥವರ ಬಗ್ಗೆ ಧಾರಾಳಿ. 1961ರ ಕಾಯ್ದೆಯ 44ಎಇ ಕಲಮು ಸಣ್ಣ ಗೂಡ್ಸ್ ಗಾಡಿಯವನಿಂದ ಲೆಕ್ಕದ ಪುಸ್ತಕ ಕೇಳುವುದಿಲ್ಲ. ಗಾಡಿಗೆ ತಿಂಗಳಿಗೆ 7,500 ರೂಪಾಯಿ ಉಳಿಯಿತೆಂದು ಬರೆದರೆ ನಂಬುತ್ತದೆ. ವರ್ಷಕ್ಕೆ 90,000, ತೆರಿಗೆ ಸೊನ್ನೆ. ಇತ್ತ ಬಿಪಿಎಲ್ ಕಾರ್ಡಿನ ಆದಾಯ ಮಿತಿ 1.20 ಲಕ್ಷ, ಹೊಟ್ಟೆಪಾಡಿಗೆ ಓಡಿಸುವ ಒಂದು ಗಾಡಿಗೆ ವಿನಾಯಿತಿಯೂ ಉಂಟು. ಅಂದಮೇಲೆ ಕಾಕಾ ಬಡವನೆಂದು ದಿಲ್ಲಿಯೇ ಬರೆದುಕೊಟ್ಟ ಹಾಗಾಯಿತು.

‘ಕಾಕಾ, ಹೆಲ್ತ್ ಇನ್ಶೂರನ್ಸ್ ಏನರ ಐತೇನ್ರಿ?’ ರಿಟರ್ನ್ ತುಂಬುತ್ತಿದ್ದ ಸೆಂಟರಿನ ಹುಡುಗ ಕೇಳಿದ.

‘ಐತಲ್ಲೋ ತಮ್ಮಾ! ಸೊಸೈಟಿಯೊಳಗ ಯಶಸ್ವಿನಿ ಮಾಡಿಸೀನಿ. ಐದ್ನೂರು ರೂಪಾಯಿ. ಪಾವತಿ ಇಟ್ಟೀನಿ ನೋಡು.’

ಅಂಗಿ ಕಿಸೆಯಿಂದ ಬೆವರಿಗೆ ಮೆತ್ತಗಾದ ಪಾವತಿ ಹೊರಬಂತು. 2003ರಲ್ಲಿ ತಿಂಗಳಿಗೆ 5 ರೂಪಾಯಿಗೆ ಶುರುವಾದ ಯೋಜನೆ ಇದು. 2018ರಲ್ಲಿ ಆರೋಗ್ಯ ಕರ್ನಾಟಕದ ಹೊಟ್ಟೆಯೊಳಗೆ ಸೇರಿ, 2023ರಲ್ಲಿ ಮತ್ತೆ ಹೊರಬಂತು. ಈಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗಿನ ಚಿಕಿತ್ಸೆ. ಇದಕ್ಕಿಂತ ಅಗ್ಗದ ಧೈರ್ಯ ಬೇರೆಲ್ಲಿ ಸಿಕ್ಕೀತು?

ಫಾರ್ಮಿಗೆ ಮಾತ್ರ ಅಗ್ಗದ್ದು ಸೇರುವುದಿಲ್ಲ. ಆರೋಗ್ಯ ವಿಮೆಯ ಕಂತಿಗೆ ವಿನಾಯಿತಿ ಕೊಡುವ 80ಡಿ ಕಲಮು ವಿಮಾ ಕಂಪನಿಯ ಹೆಸರು ಕೇಳುತ್ತದೆ, ಪಾಲಿಸಿ ನಂಬರ್ ಕೇಳುತ್ತದೆ. ಯಶಸ್ವಿನಿ ನಡೆಸುವುದು ಕಂಪನಿಯಲ್ಲ, ಟ್ರಸ್ಟು. ಮೇಲಾಗಿ ಕಂತನ್ನು ನಗದಾಗಿ ಕಟ್ಟಿದರೆ ಆ ಕಲಮಿಗೆ ಮಡಿ ಕೆಡುತ್ತದೆ. ಕಾಕಾ ಕೊಟ್ಟಿದ್ದು ಲಿಂಬಿ ವಾಸನೆಯ ನೋಟು. ಹೊಸ ತೆರಿಗೆ ಪದ್ಧತಿಯಲ್ಲಂತೂ 80ಡಿಯ ಸುದ್ದಿಯೇ ಇಲ್ಲ. ಇಷ್ಟೆಲ್ಲ ತೊಡಕು ಬಿಡಿಸಿ, ಹಳೆ ಪದ್ಧತಿಯಲ್ಲಿ ಕೂತು, ಶೇ 5ರ ಲೆಕ್ಕದಲ್ಲಿ ವಿನಾಯಿತಿ ಗಿಟ್ಟಿಸಿದರೂ ಉಳಿಯುವುದು ಸೆಸ್ ಸೇರಿ 26 ರೂಪಾಯಿ. ಅದೂ ತೆರಿಗೆ ಬೀಳುವವನಿಗೆ. ದೊಡ್ಡ ಕಂಪನಿಗೆ 25,000 ರೂಪಾಯಿ ಕಂತು ಕಟ್ಟುವವನು ಹಳೆ ಪದ್ಧತಿಯಲ್ಲಿ ಅಷ್ಟನ್ನೂ ಆದಾಯದಿಂದ ಕಳೆಯಬಹುದು. ಆರೋಗ್ಯದ ಕಾಳಜಿಗೂ ಒಂದು ಅಂತಸ್ತು ಬೇಕಲ್ಲ!

ಇಷ್ಟೇ ಆಗಿದ್ದರೆ ನಕ್ಕು ಚಹಾ ಕುಡಿಯಬಹುದಿತ್ತು. ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಈ ಭೇದ ಝಳಕಿಯ ಹುಡುಗನಿಗೂ ಗೊತ್ತು. ಪಟ್ಟಿಗೆ ಪಟ್ಟಿ ತಾಳೆ ಹಾಕುವ ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿಲ್ಲ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡು ರದ್ದಾಗತೊಡಗಿದಾಗ, ಸಾಲಕ್ಕಾಗಿ ರಿಟರ್ನ್ ಹಾಕಿದ ಬಡಪಾಯಿಗಳೂ ‘ತೆರಿಗೆದಾರ’ರ ಸಾಲಿಗೆ ಸೇರಿಬಿಟ್ಟಿದ್ದರು. ಗದ್ದಲವೆದ್ದ ಮೇಲೆ ಸರ್ಕಾರ, ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡು ವಾಪಸು ಅಂದಿತು. ಒಳ್ಳೆಯದೇ. ಆದರೆ ತಾನು ಕಟ್ಟದ ತೆರಿಗೆಯನ್ನು ಕಟ್ಟಿಲ್ಲವೆಂದು ತೋರಿಸಲು ಚೀಟಿ ಹಿಡಿದು ಅಲೆಯಬೇಕಾದವನು ಕಾರ್ಡಿನವನೇ.

ಕಾರ್ಡು ಹೋದರೆ ಹೋಗುವುದು ಅಕ್ಕಿಯೊಂದೇ ಅಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಪುಕ್ಕಟೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜಿನ ಶೇ 30, ಅದೂ ವರ್ಷಕ್ಕೆ 1.50 ಲಕ್ಷದೊಳಗೆ. ಮುರಿದ ಕಾಲು ಒಂದೇ, ಆದರೆ ರಿಟರ್ನ್ ಹಾಕಿದವನ ಕಾಲಿನಲ್ಲಿ ಮೊಣಕಾಲ ಕೆಳಗಿನದಷ್ಟೇ ಸರ್ಕಾರದ್ದು.

ಹೀಗೆ ಒಂದೇ ಕಾಗದ ಬ್ಯಾಂಕಿನ ಕೌಂಟರಿನಲ್ಲಿ ಕಾಕಾನನ್ನು ಸಾಹುಕಾರ ಮಾಡುವಷ್ಟು ದೊಡ್ಡದಲ್ಲ, ಆಹಾರ ಇಲಾಖೆಯ ಕಂಪ್ಯೂಟರಿನಲ್ಲಿ ಬಡವನಾಗಿ ಉಳಿಸುವಷ್ಟು ಸಣ್ಣದೂ ಅಲ್ಲ. ಬ್ಯಾಂಕ್ ಮ್ಯಾನೇಜರು 90,000 ನೋಡಿ ‘ಇಷ್ಟ ಏನ್ರಿ?’ ಅನ್ನುತ್ತಾರೆ, ಆಹಾರ ಇಲಾಖೆ ಅದೇ ಕಾಗದ ನೋಡಿ ‘ಇಷ್ಟು ಐತೇನ್ರಿ!’ ಅನ್ನುತ್ತದೆ.

ಹುಡುಗ ಎಲ್ಲ ತುಂಬಿ ಮುಗಿಸಿದ. 80ಡಿ ಖಾಲಿ ಬಿಟ್ಟ.

‘ಕಾಕಾ, ಮೊಬೈಲಿಗೆ ಒಟಿಪಿ ಬಂದಿರಬೇಕು, ಹೇಳ್ರಿ.’

‘ಹೇಳದಿದ್ರ?’

‘ಮೂವತ್ತು ದಿನದೊಳಗ ವೆರಿಫೈ ಆಗ್ಲಿಲ್ಲಂದ್ರ ರಿಟರ್ನ್ ಹಾಕಿದ್ದು ಲೆಕ್ಕಕ್ಕಿಲ್ರಿ.’

ಕಾಕಾ ಮೊಬೈಲನ್ನು ಕಿಸೆಗೆ ಇಳಿಸಿದ.

‘ಹಂಗಾರ ಇವತ್ತ ಬ್ಯಾಡ ತಮ್ಮಾ. ಮನಿಯಾಕಿದು ಗರ್ಭಕೋಶದ ಆಪರೇಶನ್ ಬಿಪಿಎಲ್ ಕಾರ್ಡಿನ ಮ್ಯಾಲ ಇಪ್ಪತ್ತನೇ ತಾರೀಖಿಗೆ ಐತಿ. ಅದು ಮುಗಿಸ್ಕೊಂಡ ಬಂದು ಹೇಳ್ತೀನಿ.’